ಅಪರ್ಣಾ, ವರಲಕ್ಷ್ಮಿ ಮತ್ತು ನಮ್ಮಮ್ಮನ ನಗು

ರಾಜಘಟ್ಟದ ನಮ್ಮ ಮನೆಯಲ್ಲಿ ‘ಹ’ಕಾರ ಇರಲಿಲ್ಲ. ನಾವು ಆಲು ಕರೆಯುತ್ತಿದ್ದೆವು, ಅಬ್ಬ ಮಾಡುತ್ತಿದ್ದೆವು, ಒಲದಿಂದ ಅವರೆಕಾಯಿ ಕಿತ್ತು ತರುತ್ತಿದ್ದೆವು. ಅದರಿಂದ ಹಾಲಿನ ರುಚಿಯಾಗಲಿ ಹಬ್ಬದ ಸಡಗರವಾಗಲಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅದೊಂದು ಕೊರತೆ ಎಂದು ನನಗೆ ತಿಳಿದದ್ದು ಹೈಸ್ಕೂಲಿಗೆ ಸೇರಿದ ಮೇಲೆ. ಪದ್ಯ ಓದಲು ಎದ್ದು ನಿಂತವಳು ‘ಹೂವು’ ಎನ್ನಬೇಕಾದಲ್ಲಿ ‘ಊವು’ ಎಂದೆ. ಮೇಷ್ಟರು ಅದನ್ನು ನನ್ನದೇ ದನಿಯಲ್ಲಿ ಅಣಕಿಸಿ ತೋರಿಸಿದರು. ತರಗತಿಯೆಲ್ಲ ನಕ್ಕಿತು. ಆ ನಗುವವರಲ್ಲಿ ಅರ್ಧ ಮಂದಿಯ ಮನೆಯಲ್ಲೂ ‘ಹ’ಕಾರ ಇರಲಿಲ್ಲ ಎನ್ನುವುದು ಹೊಳೆಯುವಷ್ಟು ವಯಸ್ಸು ನನಗಾಗ ಆಗಿರಲಿಲ್ಲ.

ರಾಜಘಟ್ಟ ಎಲ್ಲಿದೆ ಎಂದು ಕೇಳುವವರಿಗೆ ದೊಡ್ಡಬಳ್ಳಾಪುರ ತಾಲ್ಲೂಕು ಎನ್ನುತ್ತೇನೆ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಬಂದು ದಿಬ್ಬ ಅಗೆದು, ಬೌದ್ಧ ಚೈತ್ಯದ ಅಡಿಪಾಯವನ್ನೂ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳನ್ನೂ ತೆಗೆದ ಮೇಲೆ ಇತಿಹಾಸ ಬಲ್ಲವರಿಗೂ ನಮ್ಮೂರು ಗೊತ್ತು. ಆದರೆ ನಾನು ಹೇಳ ಹೊರಟಿರುವುದು ಅಷ್ಟು ಹಳೆಯ ಚರಿತ್ರೆಯಲ್ಲ. ಕನ್ನಡ ಟಿ.ವಿ.ಯಲ್ಲಿ ಹೆಂಗಸು ನಗಿಸಿದ ಚರಿತ್ರೆ. ಅದೂ ಚರಿತ್ರೆಯೇ ಎಂದು ನನಗೆ ಅನ್ನಿಸಿದ್ದು ತೀರ ತಡವಾಗಿ.

1991ರ ಸುಮಾರಿಗೆ ನಮ್ಮ ಬೀದಿಯಲ್ಲಿ ಒಂದೇ ಟಿ.ವಿ. ಇತ್ತು, ಕಪ್ಪು ಬಿಳುಪಿನದು. ಚಿತ್ರಮಂಜರಿಯ ದಿನ ಆ ಮನೆಯ ನಡುಮನೆ ತುಂಬಿ ಜಗಲಿಗೂ ಜನ ಕೂರುತ್ತಿದ್ದರು. ಹಾಡುಗಳಿಗಾಗಿ ಎಲ್ಲರೂ ಕಾದರೆ ನಾನು ಕಾಯುತ್ತಿದ್ದುದು ಹಾಡಿಗೆ ಮೊದಲು ಬರುವ ಮಾತಿಗೆ. ದೂರದರ್ಶನದಲ್ಲಿ ಅಪರ್ಣಾ ಎಂಬ ನಿರೂಪಕಿ ಬರುತ್ತಿದ್ದರು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ಇನಲ್ಲಿ ನಟಿಸಿ ಬಂದಿದ್ದವರು. ಹಣೆಗೆ ಬೊಟ್ಟು, ಒಪ್ಪವಾಗಿ ಉಟ್ಟ ಸೀರೆ, ಅಲ್ಪಪ್ರಾಣ ಮಹಾಪ್ರಾಣಗಳು ಅಕ್ಕಿ ಆರಿಸಿಟ್ಟಂತೆ ಬೇರೆ ಬೇರೆ. ಅವರ ಬಾಯಲ್ಲಿ ‘ಹ’ ಎನ್ನುವುದು ಎದೆಯಿಂದ ಬರುವ ಉಸಿರು ಎಂದು ನನಗೆ ತಿಳಿಯಿತು. ಮನೆಗೆ ಬಂದು ಹಿತ್ತಲಲ್ಲಿ, ಕೊಟ್ಟಿಗೆಯ ಹಸುಗಳ ಮುಂದೆ, ನಾನೂ ನಿರೂಪಣೆ ಮಾಡುತ್ತಿದ್ದೆ. ಹಸುಗಳು ತಪ್ಪು ಹಿಡಿಯಲಿಲ್ಲ.

ಹೀಗೆ ಕಲಿತ ಕನ್ನಡ ನನಗೆ ಅನ್ನ ಕೊಟ್ಟಿತು. ಓದಿ ದೊಡ್ಡಬಳ್ಳಾಪುರದಲ್ಲಿ ಶಿಕ್ಷಕಿಯಾದೆ, ಅಲ್ಲೇ ಮಗ್ಗದವರ ಮನೆಗೆ ಸೊಸೆಯಾದೆ. ರಾಜ್ಯೋತ್ಸವವಿರಲಿ, ಸನ್ಮಾನವಿರಲಿ, ನಿರೂಪಣೆಗೆ ನನ್ನನ್ನು ಕರೆಯುತ್ತಿದ್ದರು. ಸಂತೋಷವಾಗುತ್ತಿತ್ತು. ಆದರೆ ಇದರ ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನಾನು ತವರಿಗೆ ಹೋದಾಗ ಅಮ್ಮನ ಮಾತು ತಿದ್ದತೊಡಗಿದೆ. ನೆಂಟರ ಎದುರಿಗೂ ತಿದ್ದಿದೆ. “ಆಲಲ್ಲಮ್ಮ, ಹಾಲು.” ಅಮ್ಮ ಮೊದಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ನನ್ನ ಸಹೋದ್ಯೋಗಿಗಳು ಊರಿಗೆ ಬಂದ ದಿನವಂತೂ ಬಂದವರಿಗೆಲ್ಲ ಬಡಿಸುವವರೆಗೆ ಒಂದು ಮಾತೂ ಆಡಲಿಲ್ಲ. “ನಿಮ್ಮ ತಾಯಿಯವರು ಮಿತಭಾಷಿ” ಎಂದು ಒಬ್ಬರು ಹೇಳಿದರು. ನಾನು ಹೌದು ಎಂದೆ.

ನಗುವ ವಿಷಯದಲ್ಲೂ ಅಮ್ಮನಿಗೆ ಇಂಥದೇ ಪಾಠ ಮೊದಲೇ ಆಗಿತ್ತು. ಅವಳ ಅತ್ತೆ, ಅಂದರೆ ನಮ್ಮಜ್ಜಿ, ಸೊಸೆಯರ ನಗು ಹೊಸಿಲು ದಾಟಬಾರದು ಎನ್ನುತ್ತಿದ್ದಳು. ಅಮ್ಮ ನಕ್ಕರೆ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು, ಆಮೇಲೆ ಭುಜ ಕುಲುಕುತ್ತಿತ್ತು. ಊರಿನ ಗಂಡಸರು ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ಕುರುಕ್ಷೇತ್ರ ಆಡುತ್ತಿದ್ದರಲ್ಲ, ಅಲ್ಲೂ ಹೆಂಗಸರ ಸಾಲಿನಲ್ಲಿ ಎಲ್ಲರ ಸೆರಗೂ ಬಾಯಲ್ಲೇ.

ನಮ್ಮ ರಂಗಭೂಮಿಯಲ್ಲಿ ನಗಿಸುವ ಕೆಲಸ ಮೊದಲಿನಿಂದಲೂ ಗಂಡಸಿನದು. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನೇ ನಗಿಸಿದರು. ಮೊದಮೊದಲ ಕಂಪನಿಗಳಲ್ಲಿ ಹೆಣ್ಣಿನ ಪಾತ್ರವೂ ಗಂಡಸಿನದೇ. ಸಿನಿಮಾ ಬಂದ ಮೇಲೆ ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ಇವರ ಜೊತೆಗೆ ಬಿ. ಜಯಾ, ಎಂ.ಎನ್. ಲಕ್ಷ್ಮೀದೇವಿ, ರಮಾದೇವಿ ಮುಂತಾದವರು ಬಂದರು. ನನ್ನ ಕಣ್ಣಲ್ಲಿ ಇವರು ಯಾವ ಹಾಸ್ಯನಟನಿಗೂ ಕಡಿಮೆಯಲ್ಲ. ಆದರೆ ಇವರಿಗೆ ಸಿಕ್ಕ ಪಾತ್ರಗಳನ್ನು ನೋಡಿ: ಬಜಾರಿ, ಮನೆಗೆಲಸದವಳು, ಚಾಡಿಕೋರಿ, ಗಯ್ಯಾಳಿ ಅತ್ತೆ. ನಗಿಸುವ ಹೆಣ್ಣು ಎಂದರೆ ನೋಡಲು ಚೆಂದವಿರಬಾರದು, ಇಲ್ಲವೇ ಬಾಯಿ ಜೋರಿರಬೇಕು. ಹಳ್ಳಿಯ ಮಾತಂತೂ ಅವಳಿಗೋ ಇಲ್ಲ ಮನೆಯ ಆಳಿಗೋ ಮೀಸಲು. ನಾಯಕಿ ಹಳ್ಳಿಯವಳಾದರೂ ‘ಹ’ಕಾರ ಬಿಡುತ್ತಿರಲಿಲ್ಲ!

ಟಿ.ವಿ. ಈ ಕಟ್ಟನ್ನು ಸ್ವಲ್ಪ ಸಡಿಲಿಸಿತು. ದೂರದರ್ಶನದ ‘ಸಿಹಿ ಕಹಿ’ ಎಷ್ಟು ಜನಪ್ರಿಯವಾಯಿತೆಂದರೆ ಚಂದ್ರು ಮತ್ತು ಗೀತಾ ಇಬ್ಬರ ಹೆಸರಿಗೂ ಧಾರಾವಾಹಿಯ ಹೆಸರೇ ಅಂಟಿಕೊಂಡಿತು. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ಬಂತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬಂದವು. ಪಾಂಡುವಿನ ಹೆಂಡತಿ ಶ್ರೀಮತಿಯಾಗಿ ಶಾಲಿನಿ, ಸಮಾಜಸೇವಕಿ ಲಲಿತಾಂಬಳಾಗಿ ಮಂಜುಭಾಷಿಣಿ, ಇಬ್ಬರನ್ನೂ ನಮ್ಮ ಬೀದಿಯ ಹೆಂಗಸರು ಪಕ್ಕದ ಮನೆಯವರ ಹಾಗೆ ಹೆಸರು ಹಿಡಿದು ಮಾತಾಡುತ್ತಿದ್ದರು. ಗಂಡನನ್ನು ಗದರುವ ಹೆಂಡತಿಯನ್ನು ನೋಡಿ ನಗುವುದರಲ್ಲಿ ಒಂದು ಗುಟ್ಟಿನ ಸುಖವಿತ್ತು ಅನ್ನಿ.

ಮಗ್ಗದ ಮನೆಯಲ್ಲಿ ಟಿ.ವಿ. ನೋಡುವ ಕಷ್ಟ ಆ ಮನೆಯವರಿಗೇ ಗೊತ್ತು. ಕರೆಂಟ್ ಇದ್ದರೆ ಮಗ್ಗ ಓಡಬೇಕು. ಮಗ್ಗ ಓಡಿದರೆ ಟಿ.ವಿ. ಮಾತು ಕೇಳಿಸದು, ಕರೆಂಟ್ ಹೋಗಿ ಮಗ್ಗ ನಿಂತರೆ ಟಿ.ವಿ.ಯೂ ನಿಂತಿರುತ್ತದೆ. ಹಾಗಾಗಿ ನಮ್ಮ ಅತ್ತೆ, ನಾದಿನಿಯರು ಮುಖ ನೋಡಿ, ಕೈಕಾಲು ನೋಡಿ ನಗಲು ಕಲಿತಿದ್ದರು. ಮಾತಿಲ್ಲದೆ ಅವರನ್ನು ನಗಿಸಬಲ್ಲವರೇ ನಮ್ಮ ಮನೆಯಲ್ಲಿ ದೊಡ್ಡ ಕಲಾವಿದರು. ಅವರು ಕಟ್ಟುತ್ತಿದ್ದ ಬೆಲೆಯಲ್ಲಿ ತಪ್ಪಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಪರ್ಣಾ ಈ ಕಾಲದಲ್ಲೆಲ್ಲ ತಮ್ಮ ಎತ್ತರದಲ್ಲೇ ಇದ್ದರು. ಆಕಾಶವಾಣಿಯಲ್ಲಿ ಅವರ ದನಿ ಕೇಳುತ್ತಿತ್ತು. 1998ರಲ್ಲಿ ದೀಪಾವಳಿಯ ಕಾರ್ಯಕ್ರಮವೊಂದನ್ನು ಸತತವಾಗಿ 8 ಗಂಟೆ ನಿರೂಪಿಸಿದ್ದರು. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ನಟಿಸಿದರು. 2011ರಲ್ಲಿ ಬೆಂಗಳೂರಿಗೆ ಮೆಟ್ರೋ ಬಂದಾಗ ಕನ್ನಡದ ಪ್ರಕಟಣೆಗೆ ಅವರದೇ ದನಿ. 2014ರಲ್ಲಿ ಯಶವಂತಪುರದ ಕಡೆ ಮಾರ್ಗ ಶುರುವಾದ ಮೇಲೆ, ದೊಡ್ಡಬಳ್ಳಾಪುರದಿಂದ ರೈಲಿನಲ್ಲಿ ಹೋಗಿ ಯಶವಂತಪುರದಲ್ಲಿಳಿದು ಮೊದಲ ಸಲ ಮೆಟ್ರೋ ಹತ್ತಿದೆ. ಮುಂದಿನ ನಿಲ್ದಾಣದ ಹೆಸರು ಆ ದನಿಯಲ್ಲಿ ಕೇಳಿದ್ದೇ ನನಗೆ ಕೊಟ್ಟಿಗೆಯ ಹಸುಗಳು ನೆನಪಾದವು. ನಿಂತೇ ಇದ್ದವಳು ಬೆನ್ನು ನೆಟ್ಟಗೆ ಮಾಡಿಕೊಂಡೆ, ಮೇಷ್ಟರು ಒಳಗೆ ಬಂದರೆಂಬಂತೆ.

ಮರುವರ್ಷ, 2015ರ ಫೆಬ್ರವರಿಯಲ್ಲಿ, ‘ಮಜಾ ಟಾಕೀಸ್’ ಶುರುವಾಯಿತು. ಕೆಲವೇ ವಾರಗಳಲ್ಲಿ ವಾಹಿನಿಯ ಹೆಸರು ಈಟಿವಿ ಕನ್ನಡದಿಂದ ಕಲರ್ಸ್ ಕನ್ನಡ ಎಂದಾಯಿತು. ಹಿಂದಿಯಲ್ಲಿ 2013ರಿಂದ ಬರುತ್ತಿದ್ದ ಕಪಿಲ್ ಶರ್ಮಾ ಅವರ ಕಾರ್ಯಕ್ರಮದ ಮಾದರಿ ಎದುರಿಗಿತ್ತು. ವೇದಿಕೆಯ ಮೇಲೊಂದು ಮನೆ. ಯಜಮಾನ ಸೃಜನ್ ಲೋಕೇಶ್, ಹೆಂಡತಿ ರಾಣಿಯಾಗಿ ಶ್ವೇತಾ ಚಂಗಪ್ಪ. ಹೊಸ ಸಿನಿಮಾದವರು ಪ್ರಚಾರಕ್ಕೆ ಅತಿಥಿಗಳಾಗಿ ಬರುತ್ತಾರೆ. ಅವರ ನಡುವೆ ನೆಂಟರು, ನೆರೆಯವರು, ಕಂಡವರು ನುಗ್ಗಿ ಬಂದು ಒಂದೊಂದು ಪ್ರಹಸನ ಆಡಿ ಹೋಗುತ್ತಾರೆ. ನೀನಾಸಂನಲ್ಲಿ ಕಲಿತು ಮೈಸೂರಿನಲ್ಲಿ ‘ನಟನ’ ಕಟ್ಟಿದ ಮಂಡ್ಯ ರಮೇಶ್, ಗುಟ್ಟಾಗಿ ಕ್ಯಾಮೆರಾ ಇಟ್ಟು ಜನರನ್ನು ಪೇಚಿಗೆ ಸಿಕ್ಕಿಸುತ್ತಿದ್ದ ‘ಕುರಿಗಳು ಸಾರ್ ಕುರಿಗಳು’ ಕಾರ್ಯಕ್ರಮದಿಂದ ಹೆಸರಿಗೆ ‘ಕುರಿ’ ಸೇರಿಸಿಕೊಂಡ ಪ್ರತಾಪ್, ಮಿಮಿಕ್ರಿ ದಯಾನಂದ್ ಎಲ್ಲ ಇದ್ದರು. ಒಂದು ಪಕ್ಕದ ಕುರ್ಚಿಯಲ್ಲಿ ಇಂದ್ರಜಿತ್ ಲಂಕೇಶ್ ಕೂತು ನಗುತ್ತಿದ್ದರು. ನಗುವುದಕ್ಕೇ ಒಂದು ಕುರ್ಚಿ!

ಇದೆಲ್ಲ ಎಲ್ಲಿಂದಲೋ ತಂದ ಮಾಲು ಎಂದು ಮೂಗು ಮುರಿಯುವುದು ಸುಲಭ, ನಾನೂ ಮುರಿದೆ. ಆದರೆ ಸೃಜನ್ ಬಂದ ಮನೆತನ ನೋಡಿ. ಅಜ್ಜ ಸುಬ್ಬಯ್ಯ ನಾಯ್ಡು ನಾಟಕ ಕಂಪನಿ ನಡೆಸಿದವರು, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕರು. ತಂದೆ ಲೋಕೇಶ್, ತಾಯಿ ಗಿರಿಜಾ ಲೋಕೇಶ್, ಇಬ್ಬರೂ ರಂಗಭೂಮಿ ಬಲ್ಲವರು. ಜನರ ಎದುರಿಗೆ ನಿಂತು ಮಾತಿಗೆ ಮಾತು ಕೊಡುವ ಆ ಸಲುಗೆ ಕಂಪನಿ ನಾಟಕದ್ದು, ಮುಂಬಯಿಯದಲ್ಲ.

ಹಿಂದಿಯ ಮಾದರಿಯಿಂದ ಕನ್ನಡದ್ದು ಒಂದು ಮಾತಿನಲ್ಲಿ ಬೇರೆಯಾಗಿತ್ತು. ಅದನ್ನು ಆಗ ಯಾರೂ ದೊಡ್ಡದಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದ ಇಬ್ಬರು ಹೆಂಗಸರು, ಗುತ್ಥಿ ಮತ್ತು ದಾದಿ, ಸುನೀಲ್ ಗ್ರೋವರ್, ಅಲಿ ಅಸ್ಗರ್ ಎಂಬ ಗಂಡಸರು. ಇಲ್ಲಿ ಆ ಬಗೆಯ ಜಂಬದ, ಅತಿರೇಕದ, ಬಂದ ಕೂಡಲೇ ಮನೆಯನ್ನೆಲ್ಲ ತನ್ನದಾಗಿಸಿಕೊಳ್ಳುವ ಹೆಂಗಸಿನ ಪಾತ್ರವನ್ನು ಹೆಂಗಸೇ ಮಾಡಿದರು. ಹೆಸರು ವರಲಕ್ಷ್ಮಿ. ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ ಎಂದು ತಾನೇ ಹೇಳಿಕೊಂಡು ಬರುವವಳು. ಮಾಡಿದವರು ಅಪರ್ಣಾ.

ನಾನು ಅದನ್ನು ಮೊದಲು ನೋಡಿದ್ದು ರಾಜಘಟ್ಟದಲ್ಲಿ. ಅಮ್ಮ ಹಿತ್ತಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು, ಶನಿವಾರ ಭಾನುವಾರ ನಾನು ಹೋಗಿ ಇರುತ್ತಿದ್ದೆ. ರಾತ್ರಿ ಊಟ ಮುಗಿಸಿ ಅಮ್ಮ ಮಂಚದ ಮೇಲೆ, ನಾನು ಕೆಳಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಸೃಜನ್‌ರನ್ನು ಕಂಡದ್ದೇ ಅಮ್ಮ, “ಇವ್ನು ಅಯ್ಯುನ ಮಗ ಅಲ್ವೇನೇ?” ಎಂದಳು. ‘ಭೂತಯ್ಯನ ಮಗ ಅಯ್ಯು’ ಚಿತ್ರದ ಲೋಕೇಶ್ ಅವಳ ಪಾಲಿಗೆ ಇವತ್ತಿಗೂ ಅಯ್ಯುವೇ. ಅಷ್ಟರಲ್ಲಿ ವರಲಕ್ಷ್ಮಿ ಬಂದಳು. ಮಿಂಚುವ ಬಟ್ಟೆ, ಮೈತುಂಬ ಒಡವೆ, ಕತ್ತು ಕೊಂಕಿಸಿ ನಡಿಗೆ, ತನ್ನ ಸಮಾನ ಯಾರಿಲ್ಲ ಎನ್ನುವ ಬಡಾಯಿ. ದನಿ ಎಲ್ಲೋ ಕೇಳಿದ್ದು. ಗೊತ್ತಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಗೊತ್ತಾದ ಮೇಲೆ ಎದೆ ಧಸಕ್ಕೆಂದಿತು.

ನನಗೆ ಬಂದದ್ದು ಸಿಟ್ಟು. ಯಾರ ದನಿಯನ್ನು ಅಳತೆಗೋಲು ಮಾಡಿಕೊಂಡು ನಾನು ನನ್ನ ಮನೆಯ ಮಾತನ್ನೇ ಬಿಟ್ಟೆನೋ, ಅವರೇ ಆ ದನಿಯನ್ನು ಎಳೆದು, ತಿರುಚಿ, ಹಾಡಾಗದ ಹಾಡು ಹಾಡಿ, ಕುಣಿದು, ಹುಡುಗರ ಕೈಲಿ ಗೇಲಿ ಮಾಡಿಸಿಕೊಳ್ಳುತ್ತಿದ್ದರು. ಇದಕ್ಕೇನು ಅವಶ್ಯಕತೆ ಇತ್ತು? ದುಡ್ಡೇ? ಬೇರೆ ಕೆಲಸ ಸಿಗಲಿಲ್ಲವೇ? ಅಷ್ಟರಲ್ಲಿ ಮಂಚದ ಮೇಲಿಂದ ಒಂದು ಸದ್ದು ಬಂತು. ತಿರುಗಿ ನೋಡಿದೆ. ಅಮ್ಮ ನಗುತ್ತಿದ್ದಳು. ಬಾಯಿಗೆ ಸೆರಗಿಲ್ಲ. ಎರಡು ಕೈಯೂ ಬ್ಯಾಂಡೇಜಿನ ಕಾಲು ಅಲುಗದಂತೆ ಮೊಣಕಾಲನ್ನು ಹಿಡಿದಿದ್ದವು, ಹಾಗಾಗಿ ಬಾಯಿ ಮುಚ್ಚಲು ಕೈ ಇರಲಿಲ್ಲ. ಉದುರಿಹೋದ ಹಲ್ಲುಗಳ ಜಾಗವೆಲ್ಲ ಕಾಣುವ ಹಾಗೆ ನಕ್ಕಳು. ಅಷ್ಟು ವಯಸ್ಸಾಗಿದ್ದ ನಾನು ನನ್ನ ತಾಯಿ ಗಟ್ಟಿಯಾಗಿ ನಕ್ಕದ್ದನ್ನು ಕೇಳಿದ್ದು ಅದೇ ಮೊದಲು.

“ಅಮ್ಮ, ಅವರು ಯಾರು ಗೊತ್ತಾ? ಅಪರ್ಣಾ. ಅಷ್ಟು ಶುದ್ಧವಾಗಿ ಮಾತಾಡುವವರು ಹೀಗೆ ಕೋತಿ ಆಡೋದೇ?” ಎಂದೆ.

“ಗೊತ್ತು ಕಣೇ. ಚಿತ್ರಮಂಜರಿ ಕಾಲದಾಗೆ ಬತ್ತಿತ್ತಲ್ಲ ಆವಮ್ಮ, ನೀನು ದನಗಳ ಮುಂದೆ ಆಡ್ತಿದ್ದಲ್ಲ,” ಎಂದಳು. ನನ್ನ ಕಿವಿ ಬಿಸಿಯಾಯಿತು. ಅವಳಿಗೆ ಅದು ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ಮಾತು ಚಂದಾಗಿ ಬತ್ತದೆ ಆವಮ್ಮಂಗೆ. ಅದ್ಕೇ ಕೆಡ್ಸಕ್ಕೂ ಬತ್ತದೆ. ಬರ್ದಿರೋರು ಕೆಡ್ಸಕ್ಕಾಯ್ತದಾ? ಮಕ ಗಂಟಾಕ್ಕಂಡು ಕುಂತಿದ್ದೀಯಲ್ಲ, ನಗು ಒಸಿ.”

ನಾನು ಆ ದಿನ ನಗಲಿಲ್ಲ. ಆದರೆ ಮುಂದಿನ ವಾರಗಳಲ್ಲಿ ನೋಡಿದೆ, ಅಮ್ಮ ಹೇಳಿದ ಕಣ್ಣಿನಿಂದ ನೋಡಿದೆ. ಅಪರ್ಣಾ ಯಾರನ್ನೂ ಅಣಕಿಸುತ್ತಿರಲಿಲ್ಲ. ಹಳ್ಳಿಯವಳನ್ನಲ್ಲ, ಕೆಲಸದವಳನ್ನಲ್ಲ. ಅವರು ಕೆಡಿಸುತ್ತಿದ್ದುದು ತಾವೇ ಮೂವತ್ತು ವರ್ಷ ಕಟ್ಟಿದ ಒಂದು ಗಾಂಭೀರ್ಯವನ್ನು. ವೇದಿಕೆಯ ಮೇಲೆ ನಿಂತು ತಾನು ಅದ್ವಿತೀಯಳೆಂದು ನಂಬುವ ಆ ವರಲಕ್ಷ್ಮಿಯಲ್ಲಿ ಎಲ್ಲ ನಿರೂಪಕಿಯರೂ ಸ್ವಲ್ಪ ಸ್ವಲ್ಪ ಇದ್ದರು. ತಾಲ್ಲೂಕು ಮಟ್ಟದ ನಾನೂ ಇದ್ದೆ. ಮೇಷ್ಟರು ನನ್ನನ್ನು ಅಣಕಿಸಿದಾಗ ನಕ್ಕ ನಗುವಿಗೂ ಈ ನಗುವಿಗೂ ಇರುವ ವ್ಯತ್ಯಾಸ ಅದು. ಅದು ಮೇಲಿನವರು ಕೆಳಗಿನವಳ ಮೇಲೆ ಬೀಳಿಸಿದ್ದು. ಇದನ್ನು ಮೇಲಿದ್ದವರು ತಾವಾಗಿ ಇಳಿದು ಬಂದು ನಮ್ಮ ಜೊತೆ ಹಂಚಿಕೊಂಡರು. ಮಗ್ಗದ ಮನೆಯಲ್ಲೂ ವರಲಕ್ಷ್ಮಿ ಗೆದ್ದಳು. ಆ ದನಿಯ ಒಂದಕ್ಷರವೂ ಕೇಳಿಸದೆ ನಮ್ಮ ನಾದಿನಿಯರು ಬರೀ ಕತ್ತಿನ ಕೊಂಕು ನೋಡಿ ನಗುತ್ತಿದ್ದರು. ದನಿಗೆ ಹೆಸರಾದವರು ದನಿಯಿಲ್ಲದೆಯೂ ನಗಿಸುವುದೆಂದರೆ ಸಣ್ಣ ಮಾತಲ್ಲ.

ಕಾರ್ಯಕ್ರಮವೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಹೆಂಡತಿಯನ್ನು, ಅವಳ ತವರನ್ನು ಹೀಗಳೆಯುವ ಮಾತು ವಾರವಾರವೂ ಬರುತ್ತಿತ್ತು, ನನಗೆ ಅದು ಇಂದಿಗೂ ಒಗ್ಗಿಲ್ಲ. ಶ್ವೇತಾ ಆ ಮಾತುಗಳ ಎದುರು ನಿಂತು ಮುಖದಲ್ಲೇ ಉತ್ತರ ಕೊಡುತ್ತಿದ್ದರು, ಆದರೆ ಮಾತು ಬರೆದವರು ಅವರ ಕೈಗೆ ಇನ್ನಷ್ಟು ಕೊಡಬಹುದಿತ್ತು. ಸಿನಿಮಾ ಪ್ರಚಾರ ಹೆಚ್ಚಾದ ದಿನ ಹಾಸ್ಯ ಅಡಿಗೆ ಮುಗಿದ ಮೇಲೆ ಹಾಕಿದ ಒಗ್ಗರಣೆಯ ಹಾಗಿರುತ್ತಿತ್ತು.

2016ರಲ್ಲಿ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಬಂತು. ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್ ತೀರ್ಪುಗಾರರು, ಮಾಸ್ಟರ್ ಆನಂದ್ ನಿರೂಪಕರು. ಅಲ್ಲಿ ಬಂದ ಹುಡುಗ ಹುಡುಗಿಯರು ತಂತಮ್ಮ ಊರಿನ ಮಾತನ್ನೇ ಆಡಿದರು. ಮೊದಲ ಸರಣಿ ಗೆದ್ದ ಶಿವರಾಜ್ ಊರ ಹೆಸರನ್ನೇ ಬೆನ್ನಿಗೆ ಕಟ್ಟಿಕೊಂಡು ಶಿವರಾಜ್ ಕೆ.ಆರ್. ಪೇಟೆ ಆದರು. ನಯನಾ ಎಂಬ ಹುಡುಗಿ ಗಂಡುಹುಡುಗರಿಗೆ ಸರಿಸಮನಾಗಿ ನಿಂತು ನಗಿಸಿದಳು. ಆ ಹೊತ್ತಿಗೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ‘ಊವು’ ಎಂದರೆ ನಾನು ತಿದ್ದುತ್ತಿದ್ದೆ, ಓದುವಾಗ ತಿದ್ದಲೇಬೇಕು, ಪರೀಕ್ಷೆ ಬರೆಯಬೇಕಲ್ಲ. ಆದರೆ ಅವನ ದನಿಯಲ್ಲಿ ತಿದ್ದುತ್ತಿರಲಿಲ್ಲ.

ಅಪರ್ಣಾ 2024ರ ಜುಲೈ 11ರ ರಾತ್ರಿ ಬೆಂಗಳೂರಿನಲ್ಲಿ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 57. ಪತಿ, ವಾಸ್ತುಶಿಲ್ಪಿ ಮತ್ತು ಲೇಖಕ ನಾಗರಾಜ ವಸ್ತಾರೆಯವರು ವಿಷಯ ತಿಳಿಸಿದಾಗಲೇ ನಾಡಿಗೆ ಅವರ ಕಾಯಿಲೆ ಗೊತ್ತಾದದ್ದು. ಮರುದಿನ ಎಲ್ಲ ಕಡೆಯೂ ಅಚ್ಚ ಕನ್ನಡದ ದನಿ, ಮೆಟ್ರೋ ದನಿ ಎಂದು ಬಂತು. ಸರಿಯೇ. ಅದರ ಮುಂದಿನ ತಿಂಗಳು ಯಶವಂತಪುರದಲ್ಲಿ ನಾನು ಮೆಟ್ರೋ ಹತ್ತಿದಾಗ ಆ ದನಿ ಎಂದಿನ ಹಾಗೆ ನಿಲ್ದಾಣದ ಹೆಸರು ಹೇಳಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ತಲೆಯೆತ್ತಿ ಮೇಲೆ ನೋಡಿದರು, ಅಲ್ಲಿ ಯಾರೋ ಇದ್ದಾರೆಂಬಂತೆ. 2025ರಲ್ಲಿ ‘ಮಜಾ ಟಾಕೀಸ್’ ಮತ್ತೆ ಬಂದಾಗ ನಾನು ನೋಡಲು ಕೂತೆ, ಬಾಗಿಲ ಕಡೆಗೇ ಕಣ್ಣು ಹೋಗುತ್ತಿತ್ತು, ಆರಿಸಿದೆ.

ಸುದ್ದಿ ಬಂದ ಬೆಳಿಗ್ಗೆ ನಾನು ಶಾಲೆಗೆ ಹೊರಡುತ್ತಿದ್ದೆ. ಅಮ್ಮನ ಫೋನು ಬಂತು. ಅವಳಾಗಿ ಫೋನು ಮಾಡುವುದು ಅಪರೂಪ.

“ನಗ್ಸಾವಮ್ಮ ಓದ್ರಂತಲ್ಲೇ?” ಎಂದಳು. ಟಿ.ವಿ.ಯಲ್ಲಿ ಅವರನ್ನು ಏನೇನೋ ಹೆಸರಿಂದ ಕರೆಯುತ್ತಿದ್ದರು. ನಗಿಸುವ ಅಮ್ಮ ಎಂದವಳು ಇವಳೊಬ್ಬಳೇ.

“ಊಂ ಕಣಮ್ಮ,” ಎಂದೆ, “ಓದ್ರು.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅಮ್ಮ, ಮಳೆ ಇನ್ನೂ ಸರಿಯಾಗಿ ಬಿದ್ದಿಲ್ಲವೆಂದೂ ರಾಗಿ ಬಿತ್ತುವುದು ತಡವಾಗುತ್ತದೆಂದೂ ಹೇಳತೊಡಗಿದಳು.